ಅಮೆರಿಕದಲ್ಲಿ ಹುಟ್ಟುವ ಕೂಸಿಗೆ ಯಾವ ಪಾಸ್‌ಪೋರ್ಟ್? 1, 18, 21ರ ಲೆಕ್ಕ

ಚಿಕ್ಕಮ್ಮನ ಮಗಳು ಡಲ್ಲಾಸ್ ಹತ್ತಿರ ಇದ್ದಾಳೆ. ಏಳು ತಿಂಗಳ ಬಸುರಿ. ಬಾಣಂತನಕ್ಕೆ ಹೋಗಲು ಚಿಕ್ಕಮ್ಮನ ವೀಸಾ ಆಯಿತು, ಟಿಕೆಟ್ ಆಯಿತು. ಅಂಟಿನುಂಡೆಗೆ ಬೇಕಾದ ಸಾಮಾನೂ ತೂಕ ನೋಡಿ ಕಟ್ಟಿಟ್ಟಾಯಿತು. ಹೋದ ವಾರ ಆ ತಂಗಿ ಫೋನ್ ಮಾಡಿ ಕೇಳಿದಳು: "ಅಕ್ಕಾ, ಮಗೂಗೆ ಯಾವ ಪಾಸ್‌ಪೋರ್ಟ್ ಮಾಡಿಸಲಿ? ಓಸಿಐ ಸಾಕಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ." ಓಸಿಐ ಅಂದರೆ ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರಿಗೆ ಭಾರತ ಸರ್ಕಾರ ಕೊಡುವ ಕಾರ್ಡು.

ನನಗೆ ಈ ದಾರಿ ಗೊತ್ತು. ನನ್ನ ಮಗ 2011ರಲ್ಲಿ ಶಿವಮೊಗ್ಗದಲ್ಲಿ ಹುಟ್ಟಿದ. ಮಗಳು 2017ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಹುಟ್ಟಿದಳು. ಒಂದೇ ಮನೆಯಲ್ಲಿ, ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಆದರೆ ಕಾನೂನಿನ ಲೆಕ್ಕದಲ್ಲಿ ಅಣ್ಣ ಒಂದು ದೇಶದವನು, ತಂಗಿ ಇನ್ನೊಂದು ದೇಶದವಳು. 2022ರಲ್ಲಿ ನಾವು ಮೈಸೂರಿಗೆ ವಾಪಸ್ ಬಂದೆವು. ಅಷ್ಟರೊಳಗೆ ಎರಡೂ ಕಡೆಯ ಅರ್ಜಿಗಳನ್ನು ತುಂಬಿ ತುಂಬಿ ಕೈ ಪಳಗಿತ್ತು.

ನಮ್ಮವರು ಹೆಚ್ಚಾಗಿ ಮುಂದಿನ ಪ್ರಯಾಣ ನೋಡಿ ಪಾಸ್‌ಪೋರ್ಟ್ ನಿರ್ಧಾರ ಮಾಡುತ್ತಾರೆ. ಮೊದಲ ಹುಟ್ಟುಹಬ್ಬಕ್ಕೆ ಊರಿಗೆ ಹೋಗಬೇಕು, ಯಾವುದು ಬೇಗ ಆಗುತ್ತೋ ಅದನ್ನೇ ಮಾಡಿಸೋಣ ಅಂತ. ನಾವೂ ಹಾಗೇ ಮಾಡಿದ್ದೆವು. ಕಾನೂನು ನೋಡುವುದು ಬೇರೆ ಮೂರು ಹುಟ್ಟುಹಬ್ಬಗಳನ್ನು. 1, 18, 21. ಈ ಮೂರನ್ನು ಎದುರಿಗಿಟ್ಟುಕೊಂಡು ಆರಿಸಿದರೆ ಮುಂದೆ ಎಷ್ಟೋ ಕಷ್ಟ ತಪ್ಪುತ್ತದೆ.

ಹುಟ್ಟಿದ ಕೂಡಲೇ ಯಾವ ದೇಶದ ಪ್ರಜೆ?

ಅಮೆರಿಕದ ನೆಲದಲ್ಲಿ ಹುಟ್ಟಿದ ಮಗು ಅಮೆರಿಕದ ಪ್ರಜೆ ಎಂಬುದು ಅಲ್ಲಿನ ಸಂವಿಧಾನದ 14ನೇ ತಿದ್ದುಪಡಿಯಿಂದ, 1868ರಿಂದ ಬಂದದ್ದು. 1898ರಲ್ಲಿ ವಾಂಗ್ ಕಿಮ್ ಆರ್ಕ್ ಎಂಬ ಚೀನಾ ಮೂಲದವರ ಕೇಸಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿ ಮಾಡಿತು. ಅಪ್ಪ ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ, ಅಮ್ಮ ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲಿ ಇದ್ದರೂ ಮಗುವಿಗೆ ಪೌರತ್ವ ತಾನಾಗಿಯೇ ಸಿಗುತ್ತಿತ್ತು.

2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್ ಒಂದು ಆದೇಶ ಹೊರಡಿಸಿದರು. ತಾಯಿ ಕೆಲಸದ ಅಥವಾ ಓದಿನ ವೀಸಾದಂಥ ತಾತ್ಕಾಲಿಕ ವೀಸಾದಲ್ಲಿದ್ದು, ತಂದೆಗೆ ಪೌರತ್ವವೂ ಕಾಯಂ ವಾಸದ ಗ್ರೀನ್ ಕಾರ್ಡೂ ಇಲ್ಲದಿದ್ದರೆ, ಮುಂದೆ ಹುಟ್ಟುವ ಮಗುವಿಗೆ ಪೌರತ್ವ ಇಲ್ಲ ಎಂದಿತು ಆ ಆದೇಶ. ನಮ್ಮ ಎಚ್-1ಬಿ ಮನೆಗಳಿಗೆ ನೇರವಾಗಿ ತಟ್ಟುವ ಮಾತು ಇದು. ಕೆಳಗಿನ ಕೋರ್ಟುಗಳು ತಡೆದವು, ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಹೆರಿಗೆ ಹತ್ತಿರ ಬಂದಿರುವವರು ಅದು ಈಗ ಎಲ್ಲಿಗೆ ಬಂದು ನಿಂತಿದೆ ಎಂದು ವಕೀಲರನ್ನೇ ಕೇಳಿ. ವಾಟ್ಸಾಪ್ ನಂಬಬೇಡಿ. ಮಗು ಅಮೆರಿಕದ ಪ್ರಜೆ ಎಂದು ಹಿಡಿದುಕೊಂಡೇ ನಾನು ಮುಂದೆ ಬರೆಯುತ್ತಿದ್ದೇನೆ.

ಇನ್ನು ಭಾರತದ ಕಡೆ. ಅಪ್ಪ ಅಮ್ಮ ಇಬ್ಬರೂ ಭಾರತೀಯರಾದರೆ ಮಗುವೂ ಭಾರತೀಯ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. 1955ರ ಪೌರತ್ವ ಕಾಯ್ದೆಯ ಪ್ರಕಾರ, 2004ರ ಡಿಸೆಂಬರ್ 3ರಿಂದ ಈಚೆಗೆ ಹೊರದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತದ ಕಾನ್ಸುಲೇಟ್‌ನಲ್ಲಿ ನೋಂದಾಯಿಸಬೇಕು. ಇಲ್ಲದಿದ್ದರೆ ಭಾರತದ ಪೌರತ್ವ ಇಲ್ಲ. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಮೊದಲ ಗಡುವು ಇದೇ. ಹೆಚ್ಚಿನ ಮನೆಗಳಲ್ಲಿ ಆ ದಿನ ಯಾರ ಗಮನಕ್ಕೂ ಬಾರದೆ ಕಳೆದುಹೋಗುತ್ತದೆ.

ಮೊದಲ ವರ್ಷದ ಮೂರು ದಾರಿ

ಒಂದು, ಅಮೆರಿಕದ ಪಾಸ್‌ಪೋರ್ಟ್ ಮಾಡಿಸಿ ಜೊತೆಗೆ ಓಸಿಐ ಕಾರ್ಡು. ಎರಡು, ಅಮೆರಿಕದ ಪಾಸ್‌ಪೋರ್ಟ್ ಮೇಲೆ ಬರೀ ಭಾರತದ ವೀಸಾ. ಮೂರು, ಕಾನ್ಸುಲೇಟ್‌ನಲ್ಲಿ ಜನನ ನೋಂದಾಯಿಸಿ ಭಾರತದ ಪಾಸ್‌ಪೋರ್ಟ್.

ಮೂರನೆಯದನ್ನೇ ಮೊದಲು ಹೇಳುತ್ತೇನೆ. ಕೇಳಿದಾಗ ಮನಸ್ಸಿಗೆ ಹತ್ತಿರವಾಗುವುದು ಅದೇ. ನಮ್ಮ ಮಗು ನಮ್ಮ ದೇಶದ ಪಾಸ್‌ಪೋರ್ಟ್‌ನಲ್ಲೇ ಇರಲಿ ಎಂದು ನನ್ನ ಮಾವನವರೂ ಹೇಳಿದ್ದರು. ಕಷ್ಟ ಎಲ್ಲಿ ಬರುತ್ತೆ ಅಂದರೆ, ನೋಂದಾಯಿಸುವಾಗ ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಎಂದು ಅಪ್ಪ ಅಮ್ಮ ಬರೆದುಕೊಡಬೇಕು. ಅತ್ತ ಅಮೆರಿಕದ ಕಾನೂನು ತನ್ನ ಪ್ರಜೆ ದೇಶದೊಳಗೆ ಬರುವಾಗಲೂ ಹೊರಗೆ ಹೋಗುವಾಗಲೂ ಅಮೆರಿಕದ ಪಾಸ್‌ಪೋರ್ಟ್‌ನಲ್ಲೇ ಇರಬೇಕು ಎನ್ನುತ್ತದೆ. ಎರಡರ ನಡುವೆ ಮಗು ಸಿಕ್ಕಿಕೊಳ್ಳುತ್ತದೆ. ಅಪ್ಪ ಅಮ್ಮನ ಕೆಲಸ ಇನ್ನೂ ಅಮೆರಿಕದಲ್ಲೇ ಇದ್ದರೆ, ವರ್ಷಕ್ಕೊಮ್ಮೆ ಊರಿಗೆ ಹೋಗಿ ಬರುವವರಾದರೆ, ಈ ದಾರಿ ನಡೆಯುವಂಥದ್ದಲ್ಲ. ಹೀಗೆ ನೋಂದಾಯಿಸಿದ ಮಗು 18 ತುಂಬಿದ ಆರು ತಿಂಗಳೊಳಗೆ ಅಮೆರಿಕದ ಪೌರತ್ವ ಬಿಡಬೇಕು. ಬಿಡದಿದ್ದರೆ ಭಾರತದ್ದು ಹೋಗುತ್ತದೆ. ಮಗು ಚಿಕ್ಕದಿರುವಾಗ ಅದರ ಪರವಾಗಿ ಅಪ್ಪ ಅಮ್ಮ ಅಮೆರಿಕದ ಪೌರತ್ವ ಬಿಟ್ಟುಕೊಡಲು ಬರುವುದಿಲ್ಲ. ಅದನ್ನು ಅಲ್ಲಿಯ ಸರ್ಕಾರ ಒಪ್ಪುವುದೇ ಇಲ್ಲ.

ಹಾಗಾದರೆ ಈ ದಾರಿ ಯಾರಿಗೆ? ಅಮೆರಿಕದ ಪೌರತ್ವವೇ ಸಿಗದ ಮಗುವಿಗೆ ಇದೊಂದೇ ದಾರಿ. ಆ ಆದೇಶದ ವಿಷಯದಲ್ಲಿ ಗೊಂದಲ ಇದ್ದರೆ ಒಂದು ವರ್ಷದ ಗಡುವನ್ನು ಮಾತ್ರ ಮರೆಯಬೇಡಿ ಎಂದು ತಂಗಿಗೆ ಎರಡು ಸಲ ಹೇಳಿದೆ.

ಬರೀ ವೀಸಾ ಅವಸರಕ್ಕೆ ಒಳ್ಳೆಯದು. ಅಜ್ಜನಿಗೆ ಹುಷಾರಿಲ್ಲ, ಈ ವಾರವೇ ಹೊರಡಬೇಕು ಅಂದಾಗ ಇ-ವೀಸಾ ಕೈಹಿಡಿಯುತ್ತದೆ. ಆದರೆ ಟೂರಿಸ್ಟ್ ವೀಸಾದಲ್ಲಿ ಬಂದು, ಇಲ್ಲೇ ಕೂತು ಓಸಿಐ ಮಾಡಿಸಿಕೊಳ್ಳೋಣ ಎಂದರೆ ಆಗುವುದಿಲ್ಲ. ಪರಿಚಯದವರೊಬ್ಬರು ಹಾಗೇ ಬಂದು, ಮಗುವನ್ನು ಅಜ್ಜಿಮನೆಯಲ್ಲಿ ಶಾಲೆಗೆ ಸೇರಿಸುವ ಹೊತ್ತಿಗೆ ಪರದಾಡಿದರು. ವಾಪಸ್ ಬಂದು ನೆಲೆಸುವ ಯೋಚನೆ ಇದ್ದರೆ ಓಸಿಐ ಅಲ್ಲೇ ಮುಗಿಸಿಕೊಂಡು ವಿಮಾನ ಹತ್ತಿ.

ಉಳಿದದ್ದು ಪಾಸ್‌ಪೋರ್ಟ್ ಮತ್ತು ಓಸಿಐ. ಹೆಚ್ಚಿನ ಮನೆಗಳಿಗೆ ಇದೇ ಸರಿ, ನಾವೂ ಇದನ್ನೇ ಮಾಡಿದ್ದು. ಓಸಿಐ ಎಂದರೆ ಪೌರತ್ವ ಅಲ್ಲ, ಜೀವನಪೂರ್ತಿ ನಡೆಯುವ ವೀಸಾ. ಎಷ್ಟು ಸಲ ಬೇಕಾದರೂ ಬರಬಹುದು, ಎಷ್ಟು ದಿನ ಬೇಕಾದರೂ ಇರಬಹುದು, ಪೊಲೀಸ್ ನೋಂದಣಿ ಇಲ್ಲ, ಶಾಲೆಗೆ ಸೇರಬಹುದು, ದೊಡ್ಡವರಾದ ಮೇಲೆ ಖಾಸಗಿ ಕೆಲಸ ಮಾಡಬಹುದು. ಮತ ಹಾಕುವಂತಿಲ್ಲ, ಸರ್ಕಾರಿ ಕೆಲಸ ಇಲ್ಲ. ಅಮೆರಿಕದಿಂದ ಹಾಕಿದರೆ ಶುಲ್ಕ 275 ಡಾಲರ್, ಜೊತೆಗೆ ಅರ್ಜಿ ತೆಗೆದುಕೊಳ್ಳುವ ವಿಎಫ್‌ಎಸ್ ಕಂಪನಿಯ ಸೇವಾ ಶುಲ್ಕ. ಅರ್ಜಿಗೆ ಅಪ್ಪ ಅಮ್ಮ ಇಬ್ಬರ ಸಹಿ ಬೇಕು, ಕೂಸಿನ ಹೆಬ್ಬೆಟ್ಟಿನ ಗುರುತು ಬೇಕು. ಮೂರು ತಿಂಗಳ ಕೂಸು ಮುಷ್ಟಿ ಬಿಚ್ಚುವುದೇ ಇಲ್ಲ. ಅದು ನಿದ್ದೆಯಲ್ಲಿದ್ದಾಗ ಒತ್ತಿಸಿಕೊಳ್ಳಿ.

ಒಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ. ಅಮೆರಿಕದಲ್ಲಿ 16 ವರ್ಷದೊಳಗಿನ ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷ ನಡೆಯುವುದು. ಪ್ರತಿ ಸಲ ಹೊಸದಾದಾಗ ಮೂರು ತಿಂಗಳೊಳಗೆ ಓಸಿಐ ವೆಬ್‌ಸೈಟಿನಲ್ಲಿ ಹೊಸ ಪಾಸ್‌ಪೋರ್ಟ್ ಮತ್ತು ಹೊಸ ಫೋಟೋ ಹಾಕಬೇಕು. 20 ವರ್ಷ ಆಗುವವರೆಗೂ ಹೀಗೇ. 20 ದಾಟಿ ಹೊಸ ಪಾಸ್‌ಪೋರ್ಟ್ ತೆಗೆದುಕೊಂಡಾಗ ಒಮ್ಮೆ ಕಾರ್ಡನ್ನೇ ಹೊಸದು ಮಾಡಿಸಬೇಕು. 2022ರಲ್ಲಿ ನಾವು ಮನೆ ಖಾಲಿ ಮಾಡಿ ಹೊರಟಾಗ ಮಗಳ ಪಾಸ್‌ಪೋರ್ಟ್ ಆಗಷ್ಟೇ ಬದಲಾಗಿತ್ತು. ಕಾರ್ಡಿನ ಮೇಲೆ ಹಳೆ ನಂಬರು. ವಿಮಾನದ ಕೌಂಟರಿನಲ್ಲಿ ಮುಕ್ಕಾಲು ಗಂಟೆ ನಿಲ್ಲಿಸಿದರು. ಹತ್ತು ಸೂಟ್‌ಕೇಸು, ಇಬ್ಬರು ಮಕ್ಕಳು, ಹಿಂದೆ ಉದ್ದ ಸಾಲು. ಮಗಳು ಭಯಪಟ್ಟು ನನ್ನ ಸೆರಗು ಹಿಡಿದು, "ನಾನು ಬರೋ ಹಾಗಿಲ್ವಾ?" ಎಂದು ಕೇಳಿದ್ದು ಇವತ್ತಿಗೂ ಮರೆತಿಲ್ಲ. ಹಳೆ ಪಾಸ್‌ಪೋರ್ಟನ್ನೂ ಜೊತೆಗೆ ಇಟ್ಟುಕೊಂಡಿದ್ದರಿಂದ ಹೇಗೋ ಬಿಟ್ಟರು. ಹಳೆಯದನ್ನು ಒಯ್ಯಲೇಬೇಕು ಎಂಬ ನಿಯಮ ಈಗ ಇಲ್ಲ. ಆದರೂ ಇಟ್ಟುಕೊಳ್ಳಿ, ಕಳೆದುಕೊಳ್ಳುವುದೇನೂ ಇಲ್ಲವಲ್ಲ.

ಕರ್ನಾಟಕಕ್ಕೆ ಬಂದ ಮೇಲೆ ಮಗುವಿನ ಅಮೆರಿಕದ ಪಾಸ್‌ಪೋರ್ಟ್ ಹೊಸದು ಮಾಡಿಸಲು ನಾವು ಇಷ್ಟು ವರ್ಷ ಚೆನ್ನೈಗೇ ಹೋಗಬೇಕಿತ್ತು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಆದರೆ ಬಾಗಿಲು ತೆರೆದ ಕೂಡಲೇ ಎಲ್ಲ ಸೇವೆಯೂ ಅಲ್ಲಿ ಶುರುವಾಗಲಿಲ್ಲ. ರೈಲಿನ ಟಿಕೆಟ್ ಮಾಡುವ ಮುಂಚೆ ನೋಡಿಕೊಳ್ಳಿ.

ವಾಪಸ್ ಬರುವವರಿಗೆ: ಸೀಟು ಮತ್ತು ತೋಟ

ನನ್ನ ಪ್ರಕಾರ ಓಸಿಐ ಮತ್ತು ಭಾರತದ ಪೌರತ್ವದ ನಿಜವಾದ ವ್ಯತ್ಯಾಸ ಗೊತ್ತಾಗುವುದು ವಿಮಾನ ನಿಲ್ದಾಣದಲ್ಲಿ ಅಲ್ಲ, ಪಿಯುಸಿ ಆದ ಮೇಲೆ. ಶಾಲೆಯಲ್ಲಿ ಏನೂ ತೊಂದರೆ ಇಲ್ಲ. ನನ್ನ ಮಗಳ ಶಾಲೆಯಲ್ಲಿ ಕಾರ್ಡಿನ ಒಂದು ಜೆರಾಕ್ಸ್ ಇಟ್ಟುಕೊಂಡರು, ಅಷ್ಟೇ.

2021ರ ಮಾರ್ಚ್ 4ರಂದು ಕೇಂದ್ರ ಗೃಹ ಸಚಿವಾಲಯ ಒಂದು ಅಧಿಸೂಚನೆ ಹೊರಡಿಸಿತು. ಓಸಿಐ ಮಕ್ಕಳು ನೀಟ್, ಜೆಇಇ ಬರೆಯಬಹುದು. ಆದರೆ ಎನ್‌ಆರ್‌ಐ ಸೀಟಿಗೆ ಅಥವಾ ಹೆಚ್ಚುವರಿಯಾಗಿ ಇಟ್ಟ ಸೀಟಿಗೆ ಮಾತ್ರ. ಭಾರತೀಯರಿಗೆಂದೇ ಇಟ್ಟ ಸೀಟಿಗೆ ಇಲ್ಲ. ಇದಕ್ಕೆ ಕೆಲವೇ ತಿಂಗಳ ಮುಂಚೆ, 2020ರ ಡಿಸೆಂಬರ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಓಸಿಐ ಮಕ್ಕಳ ಪರವಾಗಿ ತೀರ್ಪು ಕೊಟ್ಟಿತ್ತು. ಅಧಿಸೂಚನೆ ಬಂದು ಅದೆಲ್ಲ ತಲೆಕೆಳಗಾಯಿತು. ಮಕ್ಕಳು ಸುಪ್ರೀಂ ಕೋರ್ಟಿಗೆ ಹೋದರು. 2023ರ ಫೆಬ್ರುವರಿ 3ರಂದು ಕೋರ್ಟ್ ಹೇಳಿದ್ದು: ಹೊಸ ನಿಯಮ ಮುಂದಕ್ಕೆ ಮಾತ್ರ, 2021ರ ಮಾರ್ಚ್ 4ಕ್ಕಿಂತ ಮುಂಚೆ ಓಸಿಐ ಪಡೆದವರಿಗೆ ಹಳೆಯ ಹಕ್ಕು ಉಳಿಯುತ್ತದೆ.

ನನ್ನ ಮಗಳ ಕಾರ್ಡು 2018ರದ್ದು. ತಂಗಿಯ ಮಗುವಿನದ್ದು ಇನ್ನು ಮೇಲೆ ಆಗುವುದು. ನೋಡಲು ಎರಡೂ ಕಾರ್ಡು ಒಂದೇ ತರ. ಆದರೆ ಇಬ್ಬರೂ ಡಾಕ್ಟರ್ ಆಗಬೇಕು ಅಂದರೆ ಒಬ್ಬಳಿಗೆ ಸಾಮಾನ್ಯ ಸೀಟಿನ ಬಾಗಿಲು ತೆರೆದಿದೆ, ಇನ್ನೊಬ್ಬರಿಗೆ ಎನ್‌ಆರ್‌ಐ ಸೀಟು ಮಾತ್ರ. ಎನ್‌ಆರ್‌ಐ ಸೀಟಿನ ಫೀಸು ಸರ್ಕಾರಿ ಸೀಟಿನ ಎಷ್ಟೋ ಪಟ್ಟು ಎಂದು ಬಿಡಿಸಿ ಹೇಳಬೇಕಿಲ್ಲ ಅಲ್ವಾ. ಮಕ್ಕಳ ತಪ್ಪಿಲ್ಲದೆ ಕಾರ್ಡಿನ ಮೇಲಿನ ತಾರೀಖಿನಿಂದ ಹೀಗಾಗುವುದು ನನಗೆ ನೋವಿನ ವಿಷಯ. ವಾಪಸ್ ಬರುವ ಮನಸ್ಸಿರುವವರು ಮಗುವಿನ ಕಾಲೇಜಿಗೆ ದುಡ್ಡು ಕೂಡಿಡುವಾಗ ಈ ಲೆಕ್ಕವನ್ನೇ ಹಿಡಿಯಿರಿ.

ಇನ್ನು ಮಲೆನಾಡಿನವರಿಗೆ ಒಂದು ಮಾತು. ತೀರ್ಥಹಳ್ಳಿಯ ಹತ್ತಿರ ಚಿಕ್ಕಪ್ಪನ ಅಡಿಕೆ ತೋಟ ಇದೆ. ಮೊಮ್ಮಗು ಹುಟ್ಟಿದ ಮೇಲೆ ಅದರ ಹೆಸರಿಗೆ ಎರಡು ಎಕರೆ ದಾನಪತ್ರ ಮಾಡಿಸುತ್ತೇನೆ ಎಂದು ಅವರು ಆಸೆಪಟ್ಟಿದ್ದರು. ಹೊರದೇಶದಲ್ಲಿರುವ ಓಸಿಐ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ದಾನವಾಗಿಯೂ ಪಡೆಯುವಂತಿಲ್ಲ. ಆದರೆ ವಾರಸುದಾರಿಕೆಯಿಂದ ಬಂದರೆ ಇಟ್ಟುಕೊಳ್ಳಬಹುದು. ಅದಕ್ಕೇ ದಾನಪತ್ರದ ಬದಲು ವಿಲ್ ಬರೆಸಿ ಎಂದೆ. ಚಿಕ್ಕಪ್ಪನಿಗೆ ಸ್ವಲ್ಪ ಬೇಜಾರಾಯಿತು. ಬದುಕಿದ್ದಾಗಲೇ ಕೈಯಾರೆ ಕೊಡಬೇಕು ಎಂಬ ಆಸೆ ಅವರದ್ದು.

ಅಜ್ಜಿಯರು ಮೊಮ್ಮಗಳ ಹೆಸರಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಲು ಪೋಸ್ಟ್ ಆಫೀಸಿಗೆ ಹೋಗುವುದೂ ಉಂಟು. ಅದು ಭಾರತದಲ್ಲೇ ಇರುವ ಭಾರತೀಯ ಹೆಣ್ಣುಮಕ್ಕಳಿಗೆ ಮಾತ್ರ. ಜೊತೆಗೆ ಅಮೆರಿಕದ ಪ್ರಜೆ ಎಲ್ಲಿದ್ದರೂ ಆ ದೇಶದ ತೆರಿಗೆ ನಿಯಮ ಬೆನ್ನ ಹಿಂದೆಯೇ ಇರುತ್ತದೆ. ನನ್ನ ಮಗಳು ಮುಂದೆ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಇಲ್ಲೇ ಸಂಬಳ ತೆಗೆದುಕೊಂಡರೂ ಅಲ್ಲಿಗೆ ಲೆಕ್ಕ ಒಪ್ಪಿಸಬೇಕು.

ಇನ್ನೊಂದನ್ನು ಹೇಳಿದರೆ ಜನ ನಂಬುವುದಿಲ್ಲ. ಅಮೆರಿಕದಲ್ಲಿ ಹುಟ್ಟಿ, ಮೂರನೇ ವರ್ಷಕ್ಕೆ ಮೈಸೂರಿಗೆ ಬಂದು, ಇಲ್ಲೇ ಓದಿ ಇಲ್ಲೇ ಭಾರತೀಯರನ್ನು ಮದುವೆಯಾದ ಮಗುವಿನ ಮಗುವಿಗೆ ಅಮೆರಿಕದ ಪೌರತ್ವ ತಾನಾಗಿ ಬರುವುದಿಲ್ಲ. ಅದಕ್ಕೆ ಆ ತಂದೆ ಅಥವಾ ತಾಯಿ ಅಮೆರಿಕದಲ್ಲಿ ಒಟ್ಟು ಐದು ವರ್ಷ ಇದ್ದಿರಬೇಕು. ಅದರಲ್ಲಿ ಎರಡು ವರ್ಷ 14 ತುಂಬಿದ ಮೇಲಿನದ್ದಾಗಿರಬೇಕು.

ಅಪ್ಪ ಅಮ್ಮ ಅಮೆರಿಕದ ಪ್ರಜೆಗಳಾದರೆ

ಗ್ರೀನ್ ಕಾರ್ಡ್ ಸಿಕ್ಕಿ, ಮುಂದೆ ಅಪ್ಪ ಅಥವಾ ಅಮ್ಮ ಅಲ್ಲಿಯ ಪೌರತ್ವ ತೆಗೆದುಕೊಂಡರೆ, ಊರಲ್ಲಿ ಹುಟ್ಟಿ ಅವರ ಜೊತೆ ಹೋಗಿರುವ, ಗ್ರೀನ್ ಕಾರ್ಡ್ ಇರುವ, 18 ತುಂಬದ ಮಗುವೂ ತಾನಾಗಿಯೇ ಪ್ರಜೆಯಾಗುತ್ತದೆ. 18 ತುಂಬಿದ್ದರೆ ಮಗ ಅಥವಾ ಮಗಳೇ ಬೇರೆ ಅರ್ಜಿ ಹಾಕಬೇಕು. ಮಗುವಿಗೆ 17 ನಡೆಯುತ್ತಿದ್ದರೆ ಅಪ್ಪ ಅಮ್ಮ ಅರ್ಜಿಯನ್ನು ಸುಮ್ನೆ ಮುಂದೆ ಹಾಕಬಾರದು.

ಭಾರತದ ಕಡೆ, ಮಗು ದೊಡ್ಡವನಾದ ಮೇಲೆ ಬೇಕಾದರೆ ಪೌರತ್ವ ಮರಳಿ ಪಡೆಯಬಹುದು ಎಂಬ ಮಾತು ಓಡಾಡುತ್ತಿದೆ. ಕಾಯ್ದೆಯಲ್ಲಿ ಅಂಥ ಒಂದು ಕಲಂ ಇರುವುದು ನಿಜ. ಆದರೆ ಅದು ಅಪ್ಪ ಅಮ್ಮ ಘೋಷಣೆ ಮಾಡಿ ಪೌರತ್ವ ಬಿಟ್ಟುಕೊಟ್ಟ ಮಕ್ಕಳಿಗೆ. ಬೇರೆ ದೇಶದ ಪೌರತ್ವ ಪಡೆದ ಕಾರಣಕ್ಕೆ ಭಾರತದ್ದು ತಾನಾಗಿ ಹೋದವರ ಮಕ್ಕಳಿಗೆ ಅದು ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಹೇಳಿದೆ. ನಮ್ಮವರೆಲ್ಲ ಹೆಚ್ಚಾಗಿ ಎರಡನೇ ಗುಂಪಿನವರೇ.

ಊರಲ್ಲಿ ಹುಟ್ಟಿ ಎಚ್-4ನಲ್ಲಿ ಹೋದ ಮಗು: 21ರ ಗೋಡೆ

ಇದು ನನ್ನ ಮಗನ ಕಥೆ. ಎರಡು ವರ್ಷದವನಿದ್ದಾಗ ನಮ್ಮ ಜೊತೆ ಹೋದ. ಅವನ ಇಂಗ್ಲಿಷು, ಆಟ, ಗೆಳೆಯರು ಎಲ್ಲ ಅಲ್ಲಿಯದ್ದೇ. ಆದರೆ ಎಚ್-4 ವೀಸಾ 21ರವರೆಗೆ ಮಾತ್ರ. ಅಷ್ಟರೊಳಗೆ ಮನೆಯವರ ಗ್ರೀನ್ ಕಾರ್ಡ್ ಆಗದಿದ್ದರೆ ಅವನು ಆ ಸಾಲಿನಿಂದ ಹೊರಗೆ. ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡುಗಳಲ್ಲಿ ಯಾವ ದೇಶದವರಿಗೂ 7 ಶೇಕಡಾಕ್ಕಿಂತ ಜಾಸ್ತಿ ಇಲ್ಲ ಎಂಬ ಮಿತಿಯಿಂದ ಭಾರತದವರ ಸಾಲು ವರ್ಷಗಟ್ಟಲೆ ನಿಂತಿದೆ. ಎಚ್-4ನಲ್ಲಿ ಓದಬಹುದು, ದುಡಿಯುವಂತಿಲ್ಲ. ಬೇಸಿಗೆ ರಜೆಯಲ್ಲಿ ಗೆಳೆಯರೆಲ್ಲ ಐಸ್‌ಕ್ರೀಂ ಅಂಗಡಿಯಲ್ಲಿ ಕೆಲಸ ಮಾಡಿ ಸಂಬಳ ತರುವಾಗ ಈ ಮಕ್ಕಳು ಮನೆಯಲ್ಲಿ ಕೂರಬೇಕು.

ಕಾದು ನೋಡುವುದು ಒಂದು ದಾರಿ. 2002ರಲ್ಲಿ ಬಂದ, ಸಾಲಿನಲ್ಲಿರುವ ಮಕ್ಕಳ ವಯಸ್ಸನ್ನು ಕಾಯುವ ಸಿಎಸ್‌ಪಿಎ ಕಾನೂನು ಮಗುವಿನ ವಯಸ್ಸಿನಲ್ಲಿ ಸ್ವಲ್ಪ ಕಳೆದು ಲೆಕ್ಕ ಹಾಕುತ್ತದೆ. ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಐ-140 ಅರ್ಜಿ ಎಷ್ಟು ದಿನ ಬಾಕಿ ಇತ್ತೋ ಅಷ್ಟು ದಿನ. ಪ್ರೀಮಿಯಂ ದುಡ್ಡು ಕಟ್ಟಿ ಎರಡು ಮೂರು ವಾರದಲ್ಲಿ ಮಾಡಿಸಿಕೊಂಡವರಿಗೆ ಕಳೆಯಲು ಉಳಿಯುವುದೂ ಅಷ್ಟೇ ದಿನ. 2025ರ ಆಗಸ್ಟ್ 15ರಿಂದ ಈ ಲೆಕ್ಕಕ್ಕೆ, ಗ್ರೀನ್ ಕಾರ್ಡ್ ಸರದಿ ಎಲ್ಲಿದೆ ಎಂದು ತಿಳಿಸುವ ವೀಸಾ ಬುಲೆಟಿನ್‌ನ ಎರಡು ಪಟ್ಟಿಗಳಲ್ಲಿ ಹಿಂದೆ ಇರುವ ಪಟ್ಟಿಯನ್ನೇ ಹಿಡಿಯುತ್ತಾರೆ. ಹಾಗಾಗಿ ಇನ್ನಷ್ಟು ಮಕ್ಕಳು ಹೊರಗುಳಿಯುತ್ತಾರೆ.

ಓದಿನ ವೀಸಾ ಎಫ್-1ಗೆ ಬದಲಾಗುವುದು ಇನ್ನೊಂದು. ಆಗ ಕ್ಯಾಂಪಸ್‌ನಲ್ಲಿ ಕೆಲಸ ಮಾಡಬಹುದು. ಓದಿದ ಮೇಲೆ ಒಂದು ವರ್ಷ, ವಿಜ್ಞಾನ ತಂತ್ರಜ್ಞಾನ ಓದಿದ್ದರೆ ಇನ್ನೆರಡು ವರ್ಷ ದುಡಿಯಬಹುದು. ಆದರೆ ಅಲ್ಲಿಯ ಕೇಂದ್ರ ಸರ್ಕಾರದ ನೆರವು ಸಿಗುವುದಿಲ್ಲ, ಮುಂದಿನ ವೀಸಾ ಏನು ಎಂಬ ಚಿಂತೆ ಮೂರು ವರ್ಷ ಮುಂದೆ ಹೋಗುತ್ತದೆ ಅಷ್ಟೇ. ಕೆಲವರು ಮನೆ ಸಮೇತ ಕೆನಡಾಕ್ಕೆ ಹೋಗುತ್ತಾರೆ. ಅಲ್ಲಿ 22ರೊಳಗಿನ ಮಕ್ಕಳನ್ನು ಜೊತೆಗೆ ಸೇರಿಸಿಕೊಳ್ಳುತ್ತಾರೆ, ಅರ್ಜಿ ಹಾಕಿದ ದಿನದ ವಯಸ್ಸನ್ನೇ ಹಿಡಿಯುತ್ತಾರೆ. ಮಗು 17, 18ರಲ್ಲಿದ್ದು, ಸಾಲು ಅಲುಗಾಡದಿದ್ದರೆ ಇದನ್ನು ಗಂಭೀರವಾಗಿ ಯೋಚಿಸಬಹುದು.

ನಾವು ಆರಿಸಿಕೊಂಡದ್ದು ಊರನ್ನು. ಕರ್ನಾಟಕದ ಸಿಇಟಿಯಲ್ಲಿ ಸರ್ಕಾರಿ ಸೀಟಿಗೆ ಸಾಮಾನ್ಯವಾಗಿ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ವರ್ಷಗಳಲ್ಲಿ ಏಳು ವರ್ಷವಾದರೂ ಇಲ್ಲಿ ಓದಿರಬೇಕು. ಬೇರೆ ಕಲಂಗಳೂ ಇವೆ, ಸಿಇಟಿ ನಡೆಸುವ ಕೆಇಎಯ ಆ ವರ್ಷದ ಪುಸ್ತಿಕೆ ನೋಡಿ. ನಾವು ಬೆರಳು ಮಡಿಸಿ ಎಣಿಸಿದೆವು. ಆರನೇ ತರಗತಿಗೆ ಸೇರಿಸಿದರೆ ಸರಿಯಾಗಿ ಏಳು. ಅದಕ್ಕೇ 2022. ಇನ್ನೊಂದು ವರ್ಷ ಅಲ್ಲೇ ಇದ್ದಿದ್ದರೆ ನಮ್ಮ ಉಳಿತಾಯ ಜಾಸ್ತಿ ಆಗುತ್ತಿತ್ತು, ಅವನ ಲೆಕ್ಕ ತಪ್ಪುತ್ತಿತ್ತು. ಕನ್ನಡ ಪಾಠಕ್ಕೆ ಮೊದಲ ವರ್ಷ ಅತ್ತ. ಒತ್ತಕ್ಷರ ಬರೆಯಲು ಅಜ್ಜಿ ಕಲಿಸಿದರು.

ಮಗಳು 21 ಆದ ಮೇಲೆ ಬೇಕಿದ್ದರೆ ನಮಗೆ ಗ್ರೀನ್ ಕಾರ್ಡ್ ಅರ್ಜಿ ಹಾಕಬಹುದು, ಅದಕ್ಕಿಂತ ಮುಂಚೆ ಅವಳ ಪೌರತ್ವದಿಂದ ನಮಗೆ ಅಲ್ಲಿರಲು ಏನೂ ಸಿಗುವುದಿಲ್ಲ. ಅಣ್ಣನಿಗೂ ಹಾಕಬಹುದು. ಆದರೆ ಅಣ್ಣ ತಮ್ಮ ಅಕ್ಕ ತಂಗಿಯರ ಆ ಸಾಲು ಭಾರತದವರಿಗೆ 15 ವರ್ಷಕ್ಕೂ ಜಾಸ್ತಿ. ಅವನು ಮುಂದೆ ಅಲ್ಲಿ ಓದಲು ಹೋಗಬೇಕೆಂದರೆ ವೀಸಾ ಸಂದರ್ಶನಕ್ಕೆ ನಿಲ್ಲಬೇಕು. ತಂಗಿಗೆ ಬರೀ ಟಿಕೆಟ್ ಸಾಕು. ಹೋದ ದಸರಾ ರಜೆಯಲ್ಲಿ ಇದನ್ನೆಲ್ಲ ಇಬ್ಬರನ್ನೂ ಕೂರಿಸಿಕೊಂಡು ನಾವೇ ಹೇಳಿದೆವು, ಬೇರೆ ಯಾರಿಂದಲೋ ಗೊತ್ತಾಗುವ ಮುಂಚೆ. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅಣ್ಣನ ಅರ್ಜಿ ನಾನು 21ನೇ ಹುಟ್ಟುಹಬ್ಬದ ದಿನಾನೇ ಹಾಕ್ತೀನಿ" ಎಂದಳು.